ಗೆಳತಿಯ ಜೊತೆ ಇಡೀ ರಾತ್ರಿ ಯಕ್ಷಗಾನ: ಹೊರಡುವ ಮೊದಲಿನಿಂದ ಬೆಳಗಿನ ಮಂಗಳದವರೆಗೆ

ಕರಾವಳಿಯಲ್ಲಿ ಯಾರೂ ‘ಯಕ್ಷಗಾನ ವೀಕ್ಷಿಸಲು ಹೋಗುತ್ತೇವೆ’ ಅನ್ನುವುದಿಲ್ಲ. ‘ಆಟಕ್ಕೆ ಹೋಗ್ತೇವೆ’ ಅಂತಾರೆ. ನಾನು ಮೂಡುಬಿದಿರೆ ಕಡೆಯವಳು. ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಚಾಪೆ ಹಾಸಿಕೊಂಡು ನೋಡಿದ ಆಟಗಳಿಗೆ ಲೆಕ್ಕ ಇಟ್ಟಿಲ್ಲ. ಆಗ ಯಾವ ತಯಾರಿಯೂ ಬೇಕಿರಲಿಲ್ಲ. ಎಲ್ಲವನ್ನೂ ಅಜ್ಜನೇ ನೋಡಿಕೊಳ್ಳುತ್ತಿದ್ದರು. ಅವರು ಏನೇನು ನೋಡಿಕೊಳ್ಳುತ್ತಿದ್ದರು ಅನ್ನೋದು ಗೊತ್ತಾಗಿದ್ದು, ಆಟವನ್ನೇ ನೋಡದ ಗೆಳತಿಯನ್ನು ನಾನು ಮೊದಲ ಸಲ ಕರ್ಕೊಂಡು ಹೋದಾಗ.

ಅವಳು ಧಾರವಾಡದವಳು. ಬೆಂಗಳೂರಿನಲ್ಲಿ ನಮ್ಮಿಬ್ಬರದು ಒಂದೇ ಆಫೀಸು. ಅವಳ ಅಜ್ಜಿ ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು ಹೇಳುತ್ತಿದ್ದರಂತೆ. ಹಾಗಾಗಿ ರಾತ್ರಿಯೆಲ್ಲ ಕೂತು ನೋಡುವ ಆಟ ಅಂದರೆ ಏನು ಅಂತ ಅವಳಿಗೆ ಕೇಳಿ ಗೊತ್ತಿತ್ತು. ಆದರೆ ಯಕ್ಷಗಾನದ ಚೆಂಡೆ ವಾದ್ಯವನ್ನು ಫೋನಿನಲ್ಲಿ ಬಿಟ್ಟರೆ ಎದುರಿಗೆ ಕೇಳಿರಲಿಲ್ಲ. ಅವಳ ಜೊತೆ ಈಗ ಐದಾರು ಆಟ ಆಗಿದೆ. ಅದರಿಂದ ಕಲಿತದ್ದನ್ನು, ನೀವೂ ಯಾರನ್ನಾದರೂ ಕರ್ಕೊಂಡು ಹೋಗಬೇಕು ಅಂತಿದ್ದರೆ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ರಾತ್ರಿಯ ಆಟವನ್ನು ಸಿನಿಮಾ ನೋಡಿದ ಹಾಗೆ ನೋಡಲು ಹೋಗಬೇಡಿ. ಕಣ್ಣು ಮುಚ್ಚಲೇಬಾರದು ಅಂತ ಹಟ ಹಿಡಿದರೆ ಹನ್ನೆರಡಕ್ಕೇ ಸುಸ್ತಾಗುತ್ತದೆ. ನಡುವೆ ಮಲಗುವುದೂ ಆಟ ನೋಡುವ ರೀತಿಯೇ. ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಯಾರು ಯಾರನ್ನು ಎಬ್ಬಿಸಬೇಕು ಅನ್ನೋದು ಗೊತ್ತಿದ್ದರೆ ಸಾಕು. ಅದಕ್ಕೇ ಆಟಕ್ಕೆ ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಒಳ್ಳೆಯದು.

1. ಯಾವ ಆಟ, ಯಾವ ತಿಂಗಳು

ಮೇಳಗಳು, ಅಂದರೆ ಆಟ ಆಡುವ ತಂಡಗಳು, ಸಾಮಾನ್ಯವಾಗಿ ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ. ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನಕ್ಕೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅದು ಮೇ 24ರ ಸುಮಾರಿಗೆ ಬರುತ್ತದೆ. ಈ ಆರು ತಿಂಗಳು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆ ಯಾವ ರಾತ್ರಿ ಹೋದರೂ ಎಲ್ಲೋ ಒಂದು ಕಡೆ ಚೆಂಡೆ ಕೇಳುತ್ತದೆ.

ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಅಂತ ಎರಡು ದೊಡ್ಡ ದಾರಿಗಳಿವೆ. ಮಂಗಳೂರು, ಪುತ್ತೂರು, ಕಾಸರಗೋಡು ಕಡೆಯದು ತೆಂಕು. ಕುಂದಾಪುರ, ಬ್ರಹ್ಮಾವರದಿಂದ ಮೇಲಕ್ಕೆ ಉತ್ತರ ಕನ್ನಡದವರೆಗೆ ಬಡಗು. ತೆಂಕಿನಲ್ಲಿ ರಕ್ಕಸರ ದೊಡ್ಡ ಬಣ್ಣದ ವೇಷ ಮತ್ತು ಗಾಳಿಯಲ್ಲಿ ತಿರುಗುವ ದಿಗಿಣ ಕಣ್ಣು ತುಂಬುತ್ತದೆ. ಬಡಗಿನಲ್ಲಿ ಮಂಡಿ ಕುಣಿತ ಮತ್ತು ಮುಖದ ಅಭಿನಯಕ್ಕೆ ಜನ ಸೋಲುತ್ತಾರೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬಡಗಿನವರು. ಅವರ ಭಸ್ಮಾಸುರವನ್ನು ನೋಡಿದವರು ಇವತ್ತಿಗೂ ಅದನ್ನೇ ಹೇಳುತ್ತಿರುತ್ತಾರೆ.

ಮೊದಲ ಸಲ ನೋಡುವವರಿಗೆ ಯಾವುದು? ನನ್ನನ್ನು ಕೇಳಿದರೆ ತೆಂಕಿನ ದೇವಿ ಮಹಾತ್ಮೆ. ಕತೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುತ್ತದೆ. ಮಾತು ಪೂರ್ತಿ ಅರ್ಥವಾಗದಿದ್ದರೂ ಕಣ್ಣಿಗೆ, ಕಿವಿಗೆ ಕೆಲಸ ಇದ್ದೇ ಇರುತ್ತದೆ. ರಾತ್ರಿಯುದ್ದಕ್ಕೂ ಒಬ್ಬರಾದ ಮೇಲೆ ಒಬ್ಬರು ರಕ್ಕಸರು ಬರುತ್ತಾರೆ, ಹಾಗಾಗಿ ನಡುವೆ ಮಲಗಿ ಎದ್ದರೂ ಕತೆಯ ಎಳೆ ತಪ್ಪುವುದಿಲ್ಲ. ಮಾತಿನ ಮೇಲೆಯೇ ನಿಂತ ಪ್ರಸಂಗಗಳೂ, ಅಂದರೆ ಆಡುವ ಕತೆಗಳೂ, ಇವೆ. ಕರ್ಣ ಮತ್ತು ಶಲ್ಯರ ವಾದ, ಕೃಷ್ಣನ ಸಂಧಾನ ಇಂಥವು. ಅವು ಬಹಳ ಚೆಂದ, ಆದರೆ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ತುಳು ಪ್ರಸಂಗಕ್ಕೆ ಹೋದರೆ ತುಳು ಬಾರದ ಗೆಳತಿಗೆ ನೀವೇ ಕಿವಿಯಲ್ಲಿ ಹೇಳುತ್ತಾ ಇರಬೇಕಾಗುತ್ತದೆ.

ಇನ್ನೊಂದು ಆಯ್ಕೆ, ಹರಕೆ ಆಟವೋ ಡೇರೆ ಆಟವೋ ಅನ್ನೋದು. ಡೇರೆ ಮೇಳಕ್ಕೆ ಟಿಕೆಟ್ ಇರುತ್ತದೆ. ಹರಕೆ ಆಟ ಬಯಲಲ್ಲಿ. ಯಾರೋ ಒಂದು ಮನೆಯವರು ದೇವರಿಗೆ ಹೇಳಿಕೊಂಡು ಆಡಿಸುತ್ತಾರೆ. ಊರವರೆಲ್ಲ ಬರಬಹುದು, ದುಡ್ಡಿಲ್ಲ. ಕಟೀಲಿನ ಮೇಳದ್ದು, ಬಡಗಿನಲ್ಲಿ ಮಂದಾರ್ತಿಯದ್ದು ಹೀಗೆ ಹರಕೆಯ ಮೇಲೆಯೇ ನಡೆಯುವ ಆಟಗಳು. ಕಟೀಲು ಮೇಳದ ಆಟಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುವವರಿದ್ದಾರೆ. ನಮ್ಮ ನೆಂಟರ ಮನೆಯೊಂದರಲ್ಲಿ ಮಗಳು ಹುಟ್ಟಿದಾಗ ಹೇಳಿಕೊಂಡ ಆಟ ಅವಳು ಕಾಲೇಜಿಗೆ ಹೋಗುವಾಗ ಸಿಕ್ಕಿತು. ಹಾಗೆ ಕಾದು ಸಿಕ್ಕ ರಾತ್ರಿಯಲ್ಲಿ ಮನೆಯವರ ಮುಖ ನೋಡುವುದೇ ಬೇರೆ. ಅದಕ್ಕೆ ನಾನು ಹರಕೆ ಆಟಕ್ಕೇ ಮೊದಲ ಮತ ಹಾಕುತ್ತೇನೆ.

2. ಹೊರಡುವ ಮೊದಲು ಒಂದು ಫೋನು

ಈ ಹೆಜ್ಜೆ ಬಿಟ್ಟರೆ ಉಳಿದ ಎಲ್ಲ ತಯಾರಿಯೂ ವ್ಯರ್ಥ. ಈಗ ಬಹಳಷ್ಟು ಆಟಗಳು ಕಾಲಮಿತಿಯವು. ಸಂಜೆ ಶುರುವಾಗಿ ನಡುರಾತ್ರಿಯ ಒಳಗೆ ಮುಗಿಯುತ್ತವೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಜನರಿಗೆ ಇದು ಅನುಕೂಲ. ಜೊತೆಗೆ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಇದೆ. ಇಡೀ ರಾತ್ರಿಯ ಆಟಗಳೂ ನಡೆಯುತ್ತವೆ, ಆದರೆ ಯಾವುದು ಹೇಗೆ ಅಂತ ಕೇಳಿಯೇ ಹೋಗಬೇಕು.

ನಾನು ಗೆಳತಿಯನ್ನು ಕರ್ಕೊಂಡು ಹೊರಟ ಮೊದಲ ಸಲ ಕೇಳಿರಲಿಲ್ಲ. ಊಟ ಮುಗಿಸಿ, ನಿಧಾನಕ್ಕೆ ಹೊರಟು, ಹನ್ನೊಂದು ಗಂಟೆಗೆ ತಲುಪಿದೆವು. ದೂರದಿಂದಲೇ ಚೆಂಡೆ ಜೋರಾಗಿ ಕೇಳುತ್ತಿತ್ತು. ಖುಷಿಯಿಂದ ಬೇಗಬೇಗ ನಡೆದೆವು. ಹತ್ತಿರ ಹೋದಾಗ ಕಡೆಯ ಯುದ್ಧ ನಡೆಯುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಮಂಗಳ ಹಾಡಿದರು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವಳ ಮುಖ ನೋಡಲು ನನಗೆ ಆಗಲಿಲ್ಲ.

ಅಂದಿನಿಂದ ಮೂರು ಪ್ರಶ್ನೆ ತಪ್ಪದೆ ಕೇಳುತ್ತೇನೆ. ಕಾಲಮಿತಿಯಾ, ಇಡೀ ರಾತ್ರಿ ಉಂಟಾ? ಚೌಕಿ (ವೇಷ ಕಟ್ಟುವ ಜಾಗ) ಪೂಜೆ ಎಷ್ಟು ಗಂಟೆಗೆ? ಪ್ರಸಂಗ ಯಾವುದು? ಕರಾವಳಿಯ ಪತ್ರಿಕೆಗಳಲ್ಲಿ ಅವತ್ತು ಯಾವ ಮೇಳದ ಆಟ ಎಲ್ಲಿ ಅಂತ ಪಟ್ಟಿ ಬರುತ್ತದೆ. ಮೇಳಗಳ ಫೇಸ್‌ಬುಕ್ ಪುಟ, ವಾಟ್ಸಾಪ್ ಗುಂಪುಗಳಲ್ಲೂ ಸಿಗುತ್ತದೆ. ಆದರೆ ಆಡಿಸುವ ಮನೆಯವರಿಗೋ, ಆ ಊರಿನ ಪರಿಚಯದವರಿಗೋ ಒಂದು ಫೋನು ಮಾಡಿದರೆ ಮೇಲು. ದಾರಿ, ಊಟ, ಬೆಳಗಿನ ಮೊದಲ ಬಸ್ಸು ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

3. ಕತೆಯನ್ನು ಮೊದಲೇ ಹೇಳಿಬಿಡಿ

ಕೆಲವರು ‘ಕತೆ ಹೇಳಬೇಡ, ಮಜಾ ಹೋಗುತ್ತೆ’ ಅಂತಾರೆ. ಯಕ್ಷಗಾನದಲ್ಲಿ ಹಾಗಿಲ್ಲ. ಇಲ್ಲಿ ಕೂತವರಿಗೆಲ್ಲ ಕತೆ ಗೊತ್ತು. ಗೊತ್ತಿರುವ ಕತೆಯನ್ನು ಇವತ್ತಿನ ಕಲಾವಿದ ಹೇಗೆ ಹೇಳುತ್ತಾನೆ ಅನ್ನೋದೇ ರುಚಿ.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಭಾಗವತರು ಪದ ಹಾಡುತ್ತಾರೆ, ಕಲಾವಿದರು ಅದಕ್ಕೆ ಕುಣಿಯುತ್ತಾರೆ, ಆಮೇಲೆ ಆ ಪದದ ಅರ್ಥವನ್ನು ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. ಬರೆದುಕೊಟ್ಟ ಮಾತು ಒಂದೂ ಇಲ್ಲ. ಎದುರಿನವರು ಏನು ಹೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಇದನ್ನು ಹೇಳಿದಾಗ ಗೆಳತಿ ನಂಬಲಿಲ್ಲ. ‘ಬಾಯಿಪಾಠ ಮಾಡಿರ್ತಾರ ಬಿಡು’ ಅಂದಳು. ಒಂದೇ ಪ್ರಸಂಗವನ್ನು ಎರಡನೇ ಸಲ ನೋಡಿದಾಗ ನಂಬಿದಳು.

ದೇವಿ ಮಹಾತ್ಮೆಯಾದರೆ ಬಸ್ಸಿನಲ್ಲಿ ಇಷ್ಟು ಹೇಳಿದರೆ ಸಾಕು. ಮೊದಲಿಗೆ ವಿಷ್ಣುವಿನ ಕಿವಿಯಿಂದ ಹುಟ್ಟುವ ಮಧು ಮತ್ತು ಕೈಟಭ. ಆಮೇಲೆ ಮಾಲಿನಿ, ಅವಳ ಮಗ ಮಹಿಷಾಸುರ. ದೇವಿ ಅವನನ್ನು ಕೊಲ್ಲುತ್ತಾಳೆ. ನಂತರ ಶುಂಭ, ನಿಶುಂಭರ ಕಾಲ. ಅವರ ಕಡೆಯ ಚಂಡ, ಮುಂಡರು ಉಯ್ಯಾಲೆಯಲ್ಲಿ ಕೂತ ದೇವಿಯನ್ನು ನೋಡುತ್ತಾರೆ. ಆಮೇಲೆ ರಕ್ತಬೀಜ ಬರುತ್ತಾನೆ. ಅವನ ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ರಕ್ಕಸ ಏಳುತ್ತಾನೆ. ಕೊನೆಗೆ ಶುಂಭ, ನಿಶುಂಭರ ವಧೆ ಆಗುವಾಗ ಬೆಳಕು ಹರಿಯುತ್ತಿರುತ್ತದೆ.

4. ಚೀಲದಲ್ಲಿ ಏನಿರಬೇಕು

ಒಂದು ಚಾಪೆ ಅಥವಾ ದಪ್ಪ ಬೆಡ್‌ಶೀಟು. ಕುರ್ಚಿ ಹಾಕಿರುತ್ತಾರೆ, ಆದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಂಟು ಗಂಟೆ ಕೂರಲು ಆಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬಯಲಲ್ಲಿ ಮಂಜು ಬೀಳುತ್ತದೆ. ತಲೆಗೆ ಶಾಲು ಅಥವಾ ಟವೆಲ್ ಸುತ್ತಿಕೊಳ್ಳಿ. ಮಾರ್ಚ್ ಕಳೆದ ಮೇಲೆ ಸೆಕೆ ಮತ್ತು ಸೊಳ್ಳೆ, ಹಚ್ಚಿಕೊಳ್ಳುವ ಕ್ರೀಮು ಬೇಕೇ ಬೇಕು. ಮೇ ತಿಂಗಳಾದರೆ ಕೊಡೆಯನ್ನೂ ಹಾಕಿಕೊಳ್ಳಿ. ಕುಡಿಯುವ ನೀರು, ಟಾರ್ಚು, ಚಿಲ್ಲರೆ ದುಡ್ಡು. ಹತ್ತಿಯ ಬಟ್ಟೆ ಹಾಕಿ. ಬೆಂಕಿಯ ಕೆಲಸ ಇರುವ ಆಟದಲ್ಲಿ ಹೊಳೆಯುವ ನೈಲಾನ್ ದುಪಟ್ಟಾ ಬೇಡ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬಯಲಲ್ಲಿ ಶೌಚಾಲಯ ಎಲ್ಲಿದೆ ಅಂತ ಬೆಳಕಿರುವಾಗಲೇ ಕೇಳಿಟ್ಟುಕೊಳ್ಳಿ. ಆಡಿಸುವ ಮನೆಯ ಹೆಂಗಸರನ್ನು ಕೇಳಿದರೆ ‘ನಮ್ಮ ಮನೆಗೇ ಬನ್ನಿ’ ಅಂತ ಕರೆಯುತ್ತಾರೆ. ಸಂಕೋಚ ಬೇಡ.

5. ಬೇಗ ಹೋಗಿ, ಚೌಕಿ ನೋಡಿ

ಆಟದ ಅರ್ಧ ಸೊಗಸು ಚೌಕಿಯಲ್ಲಿದೆ. ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ ಅದು. ಸಂಜೆ ಏಳಕ್ಕೆ ಅಲ್ಲಿರುವ ಹಾಗೆ ನೋಡಿಕೊಳ್ಳಿ. ಚೌಕಿಯ ಒಂದು ತುದಿಯಲ್ಲಿ ದೇವರನ್ನು ಇಟ್ಟಿರುತ್ತಾರೆ, ಅಲ್ಲೇ ಪೂಜೆ ಆಗುತ್ತದೆ. ಆಡಿಸುವ ಮನೆಯವರು ಸೇರುತ್ತಾರೆ, ಪ್ರಸಾದ ಹಂಚುತ್ತಾರೆ. ಚಪ್ಪಲಿ ಹೊರಗೇ ಬಿಡಿ. ಇದು ದೇವಸ್ಥಾನದಷ್ಟೇ ಮರ್ಯಾದೆಯ ಜಾಗ.

ಪೂಜೆ ಆದ ಮೇಲೆ ಬಾಗಿಲ ಹತ್ತಿರ, ಯಾರಿಗೂ ಅಡ್ಡ ಬಾರದ ಹಾಗೆ ನಿಂತು ನೋಡಿ. ಕಲಾವಿದರು ಎರಡು ಸಾಲಿನಲ್ಲಿ ನೆಲದ ಮೇಲೆ ಕೂತಿರುತ್ತಾರೆ. ಪ್ರತಿಯೊಬ್ಬರ ಮುಂದೆ ತಮ್ಮ ತಮ್ಮ ಪೆಟ್ಟಿಗೆ, ಒಂದು ಸಣ್ಣ ಕನ್ನಡಿ. ಮುಖಕ್ಕೆ ಬಣ್ಣ ಬರೆದುಕೊಳ್ಳುವುದು ಅವರೇ, ಬೇರೆ ಯಾರೂ ಬರೆದುಕೊಡುವುದಿಲ್ಲ.

ಬಣ್ಣದ ವೇಷದವರು ಎಲ್ಲಿ ಕೂತಿದ್ದಾರೆ ಅಂತ ಹುಡುಕಿ. ಮಹಿಷಾಸುರನ ವೇಷ ಮಾಡುವವರು ರಂಗಕ್ಕೆ ಬರುವುದು ನಡುರಾತ್ರಿಯಾದರೂ, ಗಂಟೆಗಟ್ಟಲೆ ಮೊದಲೇ ಮುಖದ ಕೆಲಸ ಶುರು ಮಾಡಿರುತ್ತಾರೆ. ನಾವು ನೋಡಿದ ದಿನ ಒಬ್ಬ ಹಿರಿಯ ಕಲಾವಿದರು ಕನ್ನಡಿಯನ್ನು ಮೊಣಕಾಲಿಗೆ ಒರಗಿಸಿಕೊಂಡು ಕೂತಿದ್ದರು. ಮುಖಕ್ಕೆ ಕೆಂಪು, ಕಪ್ಪು ಆಗಲೇ ಬಿದ್ದಿತ್ತು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಇಟ್ಟು, ಮೆಲ್ಲನೆ ಎಳೆಯುತ್ತಿದ್ದರು. ಅದು ಮುಳ್ಳಿನ ಹಾಗೆ ನಿಂತುಕೊಳ್ಳುತ್ತಿತ್ತು. ಅದರ ಪಕ್ಕ ಇನ್ನೊಂದು. ಇದಕ್ಕೆ ಚುಟ್ಟಿ ಇಡುವುದು ಅಂತಾರೆ. ಮಾತಿಲ್ಲ, ಉಸಿರು ಸಹ ನಿಧಾನ, ಯಾಕೆಂದರೆ ಕೆನ್ನೆ ಅಲುಗಿದರೆ ಸಾಲು ಕೆಡುತ್ತದೆ. ಗೆಳತಿ ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಆಮೇಲೆ ಅವಳು ಹೇಳಿದ್ದು ನನಗೆ ನೆನಪಿದೆ. ‘ಈ ಮುಖ ನೋಡಿಟ್ಕೊಂಡೀನಿ, ರಾತ್ರಿ ಬಂದಾಗ ಗುರ್ತು ಹಿಡೀತೀನಿ.’

ಫೋಟೋ ಬೇಕಾದರೆ ಕೇಳಿ ತೆಗೆಯಿರಿ. ಫ್ಲಾಷ್ ಬೇಡವೇ ಬೇಡ.

6. ಕೂರುವ ಜಾಗ

ರಂಗಸ್ಥಳ ಮೂರು ಕಡೆ ತೆರೆದಿರುತ್ತದೆ. ಹಿಂದೆ ಹಿಮ್ಮೇಳ, ಅಂದರೆ ಹಾಡುವವರು, ವಾದ್ಯದವರು. ಎದುರಿಗೆ ಜನ. ಎಲ್ಲರೂ ನಡುವೆ ಎದುರಿಗೇ ಕೂರಲು ನೋಡುತ್ತಾರೆ. ನನಗೆ ಸ್ವಲ್ಪ ಬದಿಗೆ, ಮುಂದಿನ ಎರಡು ಮೂರನೇ ಸಾಲಿನ ನೆಲವೇ ಇಷ್ಟ. ಅಲ್ಲಿಂದ ಕಲಾವಿದರ ಪಾದವೂ, ಚೆಂಡೆಯವರ ಕೈಯೂ ಒಟ್ಟಿಗೆ ಕಾಣುತ್ತದೆ. ಧ್ವನಿವರ್ಧಕದ ಪೆಟ್ಟಿಗೆಯ ಎದುರು ಮಾತ್ರ ಕೂರಬೇಡಿ. ಎರಡು ಗಂಟೆಯಲ್ಲಿ ತಲೆ ಸಿಡಿಯುತ್ತದೆ.

ಜನರ ನಡುವೆ ಒಂದು ದಾರಿ ಖಾಲಿ ಬಿಟ್ಟಿರುತ್ತಾರೆ. ಅದರಲ್ಲಿ ಚಾಪೆ ಹಾಸಬೇಡಿ, ಆದರೆ ಅದರ ಹತ್ತಿರ ಹಾಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

7. ಮೊದಲ ಎರಡು ಗಂಟೆ: ಕಿವಿ ಪಳಗಲಿ

ಹೊಸಬರು ಇಲ್ಲೇ ಬೇಸರಪಡುವುದು. ಮೊದಲು ಪೂರ್ವರಂಗ. ಕೋಡಂಗಿಯ ವೇಷದಲ್ಲಿ ಚಿಕ್ಕ ಹುಡುಗರು ಬರುತ್ತಾರೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷದ ಕುಣಿತ ಆಗುತ್ತದೆ. ಕತೆ ಇನ್ನೂ ಶುರುವಾಗಿರುವುದಿಲ್ಲ. ಹೊಸ ಕಲಾವಿದರು ಹೆಜ್ಜೆ ಗಟ್ಟಿ ಮಾಡಿಕೊಳ್ಳುವ ಹೊತ್ತಿದು. ಅದನ್ನು ಗೆಳತಿಗೆ ಹೇಳಿದರೆ ನೋಡುವ ಕಣ್ಣೇ ಬದಲಾಗುತ್ತದೆ. ಇವತ್ತು ಕೋಡಂಗಿಯಾಗಿ ಕುಣಿಯುವ ಹುಡುಗ ಮುಂದೊಂದು ದಿನ ದೇವೇಂದ್ರನೋ, ಚಂಡನೋ ಆಗಬಹುದು.

ಈ ಹೊತ್ತನ್ನು ಹಿಮ್ಮೇಳ ಕೇಳಲು ಬಳಸಿ. ಮೊದಲು ಭಾಗವತರ ಕೈ ನೋಡಿ. ತೆಂಕಿನಲ್ಲಿ ಅವರ ಕೈಯಲ್ಲಿ ಜಾಗಟೆ ಇರುತ್ತದೆ. ಇಡೀ ಆಟ ನಡೆಸುವವರು ಅವರೇ. ಯಾವ ಪದ ಹಾಡಬೇಕು, ಯಾವುದನ್ನು ಬಿಡಬೇಕು, ಯುದ್ಧ ಎಷ್ಟು ಹೊತ್ತು, ಎಲ್ಲ ಅವರ ಲೆಕ್ಕ. ಮದ್ದಳೆ ಪದದ ಜೊತೆಗೇ ನಡೆಯುತ್ತದೆ. ಚೆಂಡೆ ಬೇಕಾದಲ್ಲಿ ಮಾತ್ರ ಎದ್ದು ಬರುತ್ತದೆ. ಶೃಂಗಾರದ ಪದಕ್ಕೆ ಚೆಂಡೆ ಸುಮ್ಮನಿರುತ್ತದೆ, ಕೋಪ ಬಂದ ಕೂಡಲೇ ಏಳುತ್ತದೆ. ಇದಿಷ್ಟನ್ನು ಗೆಳತಿ ಗಮನಿಸಿದರೆ, ಮಾತು ಅರ್ಥವಾಗದ ಕಡೆಯೂ ರಂಗದಲ್ಲಿ ಏನಾಗುತ್ತಿದೆ ಅಂತ ತಿಳಿಯುತ್ತದೆ.

ಗೆಳತಿಗೆ ಇನ್ನೊಂದು ಕೆಲಸ ಕೊಡಿ. ಬೆರಳು ಮಡಚಿ ತಾಳ ಲೆಕ್ಕ ಹಾಕಲು ಹೇಳಿ. ಏಕತಾಳ ನಾಲ್ಕಕ್ಕೆ ಸುಲಭವಾಗಿ ಸಿಗುತ್ತದೆ. ತ್ರಿವುಡೆ ಏಳಕ್ಷರದ್ದು. ಏಳರ ಲೆಕ್ಕ ಮೊದಲ ಸಲ ಕೈಗೆ ಕೂತಾಗ ಅವಳು ನನ್ನ ತೋಳು ಹಿಡಿದು ಅಲುಗಾಡಿಸಿದಳು.

ನಡುವೆ ಹಸಿವಾದರೆ ಆಟದ ಬದಿಯಲ್ಲಿ ಸಂತೆ ಇದ್ದೇ ಇರುತ್ತದೆ. ಚರುಮುರಿ, ಗೋಳಿಬಜೆ, ಹುರಿದ ನೆಲಗಡಲೆ, ಬಿಸಿ ಚಾ. ಹರಕೆ ಆಟದಲ್ಲಿ ಮನೆಯವರ ಊಟವೂ ಇರುತ್ತದೆ. ಕರೆದರೆ ಹೋಗಿ ಕೂತುಕೊಳ್ಳಿ, ಬೇಡ ಅನ್ನಬೇಡಿ. ಬಂದವರು ಉಂಡು ಹೋಗಲಿ ಅನ್ನೋದು ಹರಕೆಯ ಭಾಗ. ಹೊಟ್ಟೆ ಬಿರಿಯುವಷ್ಟು ಮಾತ್ರ ಬೇಡ, ನಿದ್ದೆ ಎಳೆಯುತ್ತದೆ.

8. ನಿದ್ದೆಯ ಒಪ್ಪಂದ

ಹತ್ತು ಗಂಟೆಗೇ ಕೂತು ಇದನ್ನು ಮಾತಾಡಿಕೊಳ್ಳಿ. ನಮ್ಮ ಒಪ್ಪಂದ ಹೀಗಿರುತ್ತದೆ. ಮಧು, ಕೈಟಭರ ಭಾಗ ಇಬ್ಬರೂ ನೋಡುತ್ತೇವೆ. ಅದು ಮುಗಿದ ಮೇಲೆ ಒಬ್ಬಳು ಮುಕ್ಕಾಲು ಗಂಟೆ ಮಲಗಬಹುದು. ಆದರೆ ಮಾಲಿನಿಯ ದೂತನ ಹಾಸ್ಯ ಬಂದಾಗ ಎಬ್ಬಿಸಬೇಕು. ನಕ್ಕರೆ ನಿದ್ದೆ ಪೂರ್ತಿ ಬಿಡುತ್ತದೆ. ಮಹಿಷಾಸುರನ ಪ್ರವೇಶಕ್ಕೆ ಇಬ್ಬರೂ ಎದ್ದಿರಲೇಬೇಕು. ಮಹಿಷನ ವಧೆ ಆದ ಮೇಲೆ ಇನ್ನೊಬ್ಬಳ ಸರದಿ. ರಕ್ತಬೀಜನಿಗೆ ಮತ್ತೆ ಇಬ್ಬರೂ.

ಎಬ್ಬಿಸುವವರು ‘ಏಳು’ ಅಂದು ಸುಮ್ಮನಾಗಬಾರದು. ಎದ್ದು ಕೂರಿಸಿ, ನೀರು ಕೊಟ್ಟು, ‘ಈಗ ಇಲ್ಲಿಗೆ ಬಂದಿದೆ’ ಅಂತ ಒಂದು ಸಾಲು ಕತೆ ಹೇಳಬೇಕು. ನನ್ನ ಅಜ್ಜ ಹಾಗೇ ಮಾಡುತ್ತಿದ್ದರು. ಕಿವಿಯ ಹತ್ತಿರ ಬಗ್ಗಿ ‘ಮಗಾ, ಮಹಿಷ ಬಂದ’ ಅಂದರೆ ಸಾಕಿತ್ತು.

ಮಹಿಷನ ಪ್ರವೇಶದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಹೊತ್ತು ಸುಮಾರು ನಡುರಾತ್ರಿ ದಾಟಿರುತ್ತದೆ. ಅವನು ಪರದೆಯ ಹಿಂದಿನಿಂದ ಬರುವುದಿಲ್ಲ. ದೂರದಿಂದ, ಜನರ ಹಿಂದಿನಿಂದ ಬರುತ್ತಾನೆ. ಮೊದಲು ಕೇಳುವುದು ಆರ್ಭಟ. ಎಲ್ಲರ ಕತ್ತು ಹಿಂದಕ್ಕೆ ತಿರುಗುತ್ತದೆ. ಕತ್ತಲಲ್ಲಿ ಉರಿಯುವ ದೊಂದಿಗಳು ಕಾಣುತ್ತವೆ. ಯಾರೋ ರಾಳದ ಪುಡಿ ಎಸೆದಾಗ ಬೆಂಕಿ ಭಗ್ಗನೆ ಏಳುತ್ತದೆ, ಆ ಒಂದು ಕ್ಷಣದ ಬೆಳಕಲ್ಲಿ ಕೋಡು ಕಾಣುತ್ತದೆ, ಮತ್ತೆ ಕತ್ತಲು. ಚೆಂಡೆ ಎದೆಗೂಡಿನ ಒಳಗೇ ಬಡಿದ ಹಾಗಾಗುತ್ತದೆ. ಖಾಲಿ ಬಿಟ್ಟ ದಾರಿ ಯಾಕೆ ಅಂದೆನಲ್ಲ, ಅವನು ಬರುವುದು ಅದರಲ್ಲೇ. ನಮ್ಮ ಪಕ್ಕ ಕೂತಿದ್ದ ಅಜ್ಜ ಒಬ್ಬರು ‘ಕಾಲು ಒಳಗೆ ತೆಗೊಳ್ಳಿ ಮಕ್ಕಳೇ’ ಅಂತ ಮೊದಲೇ ಹೇಳಿದ್ದರು. ಮಹಿಷ ನಮ್ಮಿಂದ ಮೂರು ಅಡಿ ದೂರದಲ್ಲಿ ನಿಂತ. ಬೆವರು, ಎಣ್ಣೆ, ಹೊಗೆ ಎಲ್ಲದರ ವಾಸನೆ ಒಟ್ಟಿಗೆ ಬಂತು. ಸಂಜೆ ನೋಡಿದ ಚುಟ್ಟಿಯ ಸಾಲುಗಳು ಬೆಂಕಿಯ ಬೆಳಕಲ್ಲಿ ಅಲುಗುತ್ತಿದ್ದವು.

ಗೆಳತಿ ನನ್ನ ಕೈ ಬಿಡದೆ ‘ಯವ್ವಾ, ಇಷ್ಟು ಸನೇಕ ಬರ್ತಾನಂತ ಹೇಳಬೇಕಿಲ್ಲೇನು ನೀ?’ ಅಂದಳು. ಸ್ವಲ್ಪ ಹೊತ್ತಿನ ಮೇಲೆ ‘ಆ ಅಜ್ಜಾರ ಇವರು, ಅಲ್ಲಾ?’ ಅಂದಳು. ಚೌಕಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಆ ಹಿರಿಯರೇ ಅವರು. ಈಗ ರಂಗಸ್ಥಳಕ್ಕೆ ಹಾರಿ ಒಂದೇ ಸಮನೆ ಸುತ್ತು ಹಾಕುತ್ತಿದ್ದರು.

ಒಂದು ಎಚ್ಚರಿಕೆ. ಸಣ್ಣ ಮಕ್ಕಳಿದ್ದರೆ ದಾರಿಯ ಪಕ್ಕ ಕೂರಿಸಬೇಡಿ. ದೊಂದಿ ಹಿಡಿದವರು ಹೇಳಿದ ಹಾಗೆ ಕೇಳಿ, ಫೋನು ಹಿಡಿದು ದಾರಿಗೆ ಇಳಿಯಬೇಡಿ. ವಿಡಿಯೋ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಕಣ್ಣಿನಲ್ಲಿ ನೋಡುವ ಅವಕಾಶ ಈ ಒಂದೇ.

9. ಎರಡರಿಂದ ನಾಲ್ಕು

ಇದು ಕಷ್ಟದ ಹೊತ್ತು. ಮಹಿಷ ಸತ್ತ ಮೇಲೆ ಜನ ಸ್ವಲ್ಪ ಕರಗುತ್ತಾರೆ. ಚಳಿ ಏರುತ್ತದೆ. ಮಕ್ಕಳು ಅಮ್ಮಂದಿರ ಮಡಿಲಲ್ಲಿ ಮಲಗಿರುತ್ತಾರೆ. ‘ಹೋಗೋಣವಾ?’ ಅನ್ನುವ ಮಾತು ಬರುವುದು ಈಗಲೇ. ಹೋಗಬೇಡಿ. ಎದ್ದು ಒಂದು ಸುತ್ತು ನಡೆಯಿರಿ, ಚಾ ಕುಡಿಯಿರಿ, ಮುಖ ತೊಳೆಯಿರಿ. ಸರದಿ ಇದ್ದವರು ಮಲಗಿ.

ಯಾಕೆ ಹೋಗಬಾರದು ಅಂದರೆ, ಹಲವು ಮೇಳಗಳಲ್ಲಿ ಪ್ರಧಾನ ಭಾಗವತರು ಹಾಡಲು ಕೂರುವುದು ನಡುರಾತ್ರಿ ದಾಟಿದ ಮೇಲೆ. ಅನುಭವ ಇರುವ ಕಂಠ, ನುರಿತ ಕೈಗಳು ಸೇರುವ ಹೊತ್ತಿದು. ಜನ ಕಡಿಮೆಯಾದ್ದರಿಂದ ನೀವು ಇನ್ನೂ ಮುಂದಕ್ಕೆ ಹೋಗಿ ಕೂರಬಹುದು. ಸುತ್ತಲ ಗಲಾಟೆ ನಿಂತಿರುತ್ತದೆ. ಪದ ನೇರವಾಗಿ ಕಿವಿಗೆ ಬೀಳುತ್ತದೆ. ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ನನ್ನ ಅಜ್ಜ ಅವರ ಪದ ಕೇಳಲೆಂದೇ ಚಳಿಯಲ್ಲಿ ಕೂತಿರುತ್ತಿದ್ದರು. ಅವರ ಎತ್ತರದ ದನಿ ಮೈಕು ಇಲ್ಲದಿದ್ದರೂ ಗದ್ದೆಯಾಚೆ ಕೇಳುತ್ತದೆ ಅಂತ ಹೇಳುತ್ತಿದ್ದರು.

ಚಂಡ, ಮುಂಡರು ಉಯ್ಯಾಲೆಯ ದೇವಿಯನ್ನು ನೋಡುವ ಭಾಗ ಈ ಹೊತ್ತಲ್ಲೇ ಬರುತ್ತದೆ. ಬೆಂಕಿ ಇಲ್ಲ, ಕೂಗು ಇಲ್ಲ. ಹೂವಿನ ಉಯ್ಯಾಲೆ ನಿಧಾನ ತೂಗುತ್ತಿರುತ್ತದೆ. ದೇವಿಯ ವೇಷ ಹಾಕಿದವರು ಗಂಡಸು ಅಂತ ಗೆಳತಿಗೆ ಹೇಳಿದರೆ ಮತ್ತೊಮ್ಮೆ ಕಣ್ಣುಜ್ಜಿ ನೋಡುತ್ತಾಳೆ. ಅಷ್ಟು ಬೆಂಕಿ ಕಂಡ ಮೇಲೆ ಈ ತಣ್ಣನೆಯ ಹೊತ್ತು ಬರುವುದರಿಂದಲೇ ಅದಕ್ಕೆ ಆ ಚೆಲುವು.

10. ರಕ್ತಬೀಜನಿಂದ ಬೆಳಗಿನವರೆಗೆ

ರಕ್ತಬೀಜ ಬಂದಾಗ ಮಾತು ಕೇಳಿ. ಅವನು ಕಿರೀಟ ವೇಷದವನು, ಕುಣಿತದ ಜೊತೆಗೆ ಅರ್ಥಗಾರಿಕೆಗೂ ಒಳ್ಳೆ ಕಲಾವಿದರನ್ನೇ ಹಾಕುತ್ತಾರೆ. ದೇವಿಯ ಜೊತೆ ಅವನು ವಾದಕ್ಕೆ ನಿಂತಾಗ, ಸುತ್ತಲ ಜನರೆಲ್ಲ ಚಾಪೆಯಿಂದ ಎದ್ದು ಕೂರುತ್ತಾರೆ. ಹಳಬರು ಒಳ್ಳೆಯ ಮಾತಿಗೆ ತಲೆಯಾಡಿಸುವುದನ್ನು ಗಮನಿಸಿ. ಯಾವುದು ಒಳ್ಳೆಯ ಅರ್ಥ ಅಂತ ಅವರ ಮುಖ ನೋಡಿಯೇ ಕಲಿಯಬಹುದು.

ಕೊನೆಯ ಯುದ್ಧದ ಹೊತ್ತಿಗೆ ಆಕಾಶ ಬೂದಿ ಬಣ್ಣಕ್ಕೆ ಬಂದಿರುತ್ತದೆ. ರಾತ್ರಿಯೆಲ್ಲ ದೀಪದ ಬೆಳಕಲ್ಲಿ ಹೊಳೆಯುತ್ತಿದ್ದ ಬಣ್ಣಗಳು ಹಗಲ ಬೆಳಕಲ್ಲಿ ಬೇರೆಯೇ ಕಾಣುತ್ತವೆ. ಬೆವರಿಗೆ ಕರಗಿದ ಗೆರೆಗಳು ಕಾಣುತ್ತವೆ. ಮಂಗಳ ಹಾಡುವಾಗ ಎದ್ದು ನಿಲ್ಲಿ. ಮುಗಿದ ಕೂಡಲೇ ಓಡಬೇಡಿ. ಆಡಿಸಿದ ಮನೆಯವರಿಗೆ ಒಂದು ಮಾತು ಹೇಳಿ ಹೊರಡಿ.

ಕಾರು, ಬೈಕು ತಂದಿದ್ದರೆ ಈಗ ಓಡಿಸಬೇಡಿ. ನಿದ್ದೆಗಣ್ಣಲ್ಲಿ ಹೆದ್ದಾರಿಗೆ ಇಳಿಯುವುದು ತೀರಾ ಅಪಾಯ. ಬಡಗಿನ ದೊಡ್ಡ ಭಾಗವತರಾದ ಕಾಳಿಂಗ ನಾವಡರನ್ನೂ 1990ರಲ್ಲಿ ರಸ್ತೆ ಅಪಘಾತವೇ ನಮ್ಮಿಂದ ಕಿತ್ತುಕೊಂಡಿತು. ಅವರಿಗೆ ಆಗ ಇನ್ನೂ ಚಿಕ್ಕ ವಯಸ್ಸು. ಎರಡು ಗಂಟೆ ಮಲಗಿ ಹೊರಡಿ, ಇಲ್ಲವಾದರೆ ಬಸ್ಸೇ ಹಿಡಿಯಿರಿ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಜ್ಜಿಗೆ ಬಜಿಲ್ ಕೇಳಿ. ಉಪ್ಪಿಟ್ಟಿನ ಜೊತೆ ಒಗ್ಗರಣೆಯ ಅವಲಕ್ಕಿ. ರಾತ್ರಿ ಎದ್ದ ಹೊಟ್ಟೆಗೆ ಅದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ.

11. ಮುಂದಿನ ಆಟ

ಎರಡು ದಿನ ಬಿಟ್ಟು ಗೆಳತಿಯನ್ನು ಕೇಳಿ, ಯಾವ ವೇಷ ಕಣ್ಣಲ್ಲಿ ಉಳಿಯಿತು ಅಂತ. ದೊಡ್ಡ ಬಣ್ಣದ ವೇಷ ಅಂದರೆ ಇನ್ನೊಂದು ತೆಂಕಿನ ಆಟ. ಮುಖದ ಅಭಿನಯ ಅಂದರೆ ಬಡಗಿಗೆ ಕರ್ಕೊಂಡು ಹೋಗಿ. ಕಡಿಮೆ ಹೊತ್ತಿನಲ್ಲಿ ಅಚ್ಚುಕಟ್ಟಾದ ಬಡಗು ಬೇಕಾದರೆ, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಪ್ರದರ್ಶನ ಎಲ್ಲಿದೆ ಅಂತ ನೋಡಿ. ಮಾತೇ ಇಷ್ಟವಾಯಿತು ಅಂದರೆ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿ‌ತವಿಲ್ಲ. ಕೂತು ಪದ ಮತ್ತು ಅರ್ಥ ಮಾತ್ರ.

ಮಳೆಗಾಲದಲ್ಲಿ ಬಯಲಾಟ ಇರುವುದಿಲ್ಲ. ಆಗ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರು, ಮುಂಬೈ ಕಡೆ ಬರುತ್ತಾರೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಟಿಕೆಟ್ ತಗೊಂಡು ನೋಡಬಹುದು. ಬಯಲಿನ ಮಂಜು ಇಲ್ಲ, ಚೌಕಿಗೆ ಹೋಗುವುದೂ ಅಷ್ಟು ಸುಲಭವಲ್ಲ, ಆದರೆ ಚೆಂಡೆ ಚೆಂಡೆಯೇ.

ಕಳೆದ ಮಳೆಗಾಲದಲ್ಲಿ ಗೆಳತಿಯೇ ಫೋನು ಮಾಡಿದಳು. ಶನಿವಾರ ಆಟ ಇದೆ, ಎರಡು ಟಿಕೆಟ್ ಆಗಿದೆ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದಳು. ‘ಕಾಲಮಿತಿ ಅಲ್ಲ, ಬೆಳತನಾ ಐತಿ. ಕೇಳೇ ತಗೊಂಡೀನಿ. ಈ ಸಲ ಮೊದಲು ನೀ ಮಲಗು, ನಾ ಎಬ್ಬಸ್ತೀನಿ.’